ಸೊಂಟದ ಸ್ನಾಯುವಿನಲ್ಲಿ ರಕ್ತ ಕಟ್ಟಿ ನರ ಒತ್ತಿದಾಗ: ಔಷಧಿಯೋ, ಆಪರೇಷನ್ನೋ?

ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ, ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರಿಗೆ ಸೊಂಟದ ಒಳಗಿನ ಇಲಿಯಾಕಸ್ ಸ್ನಾಯುವಿನಲ್ಲಿ ರಕ್ತಸ್ರಾವ ಆಗಬಹುದು. ತೊಡೆಗೆ ಹೋಗುವ ಫೆಮೋರಲ್ ನರ ಅಲ್ಲೇ, ಬಿಗಿಯಾದ ಪೊರೆಯ ಕೆಳಗಿದೆ. ರಕ್ತ ತುಂಬಿದರೆ ನರಕ್ಕೆ ಜಾಗವೇ ಇರುವುದಿಲ್ಲ. ತೊಡೆಸಂದಿ ನೋಯುತ್ತದೆ, ಕಾಲು ನೀಡಲು ಆಗುವುದಿಲ್ಲ, ತೊಡೆಯ ಮುಂಭಾಗ ಮರಗಟ್ಟುತ್ತದೆ, ಮೆಟ್ಟಿಲಲ್ಲಿ ಮಂಡಿ ಕುಸಿಯುತ್ತದೆ. ಇದನ್ನು ಸುಮ್ನೆ ಸೊಂಟನೋವು ಅಂತ ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಆಪರೇಷನ್ ಮಾಡಿದರೂ ಮಾಡದಿದ್ದರೂ ರಕ್ತಸ್ರಾವ ನಿಲ್ಲಿಸುವ ಚಿಕಿತ್ಸೆ ಬೇಕೇಬೇಕು. ವಾರ್ಫರಿನ್ ಆದರೆ ವಿಟಮಿನ್ ಕೆ, ಹಿಮೋಫಿಲಿಯಾ ಎ ಆದರೆ ಫ್ಯಾಕ್ಟರ್ 8 (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್), ಬಿ ಆದರೆ ಫ್ಯಾಕ್ಟರ್ 9.

ಕಟ್ಟಿದ ರಕ್ತದ ಗಡ್ಡೆ ಚಿಕ್ಕದು, ಕಾಲಿನ ಬಲ ಅಷ್ಟಾಗಿ ಹೋಗಿಲ್ಲ ಅಂದರೆ ಔಷಧಿ, ವಿಶ್ರಾಂತಿ, ಆಮೇಲೆ ಫಿಸಿಯೋಥೆರಪಿ ಸಾಕಾಗಬಹುದು. ಕೊಯ್ಯುವ ಅಪಾಯವಿಲ್ಲ. ಹಿಮೋಫಿಲಿಯಾದಲ್ಲಿ ಮೊದಲು ಇದೇ ದಾರಿ. ಆದರೆ ಚೇತರಿಕೆಗೆ ತಿಂಗಳುಗಳೇ ಹಿಡಿಯಬಹುದು.

ಗಡ್ಡೆ ದೊಡ್ಡದು, ಬಲ ಗಂಟೆಗಂಟೆಗೂ ಕುಗ್ಗುತ್ತಿದೆ ಅಂದರೆ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಆಪರೇಷನ್ ಒತ್ತಡವನ್ನು ಬೇಗ ಇಳಿಸುತ್ತದೆ. ಮತ್ತೆ ರಕ್ತಸ್ರಾವ, ಸೋಂಕಿನ ಭಯ ಇದೆ ನಿಜ. ಸೂಜಿಯಿಂದ ರಕ್ತ ಹೊರತೆಗೆಯುವುದೂ ಉಂಟು, ಆದರೆ ಹೆಪ್ಪುಗಟ್ಟಿದ ರಕ್ತ ಅದರಲ್ಲಿ ಸುಲಭವಾಗಿ ಬರುವುದಿಲ್ಲ. ವೈದ್ಯರಲ್ಲೂ ಇಲ್ಲಿ ಒಂದೇ ಅಭಿಪ್ರಾಯ ಇಲ್ಲ. ಹಾಗಾಗಿ ಕೇಳಿ: ಸ್ಕ್ಯಾನ್‌ನಲ್ಲಿ ಗಡ್ಡೆ ಎಷ್ಟಿದೆ? ಮಂಡಿ ನೀಡುವ ಬಲ ನಿನ್ನೆಗಿಂತ ಕಡಿಮೆಯಾಗಿದೆಯಾ?