ಕನ್ನಡ ಬ್ರೈಲ್‌ನಲ್ಲಿ ಆವರಣ, ಗೆರೆ, ಉದ್ಧರಣೆ: ಹಳೆಯ ಗುರುತೋ, ಯುಇಬಿಯೋ?

ಹೈಸ್ಕೂಲಿನ ಒಂದು ಕನ್ನಡ ಪ್ರಶ್ನೆಪತ್ರಿಕೆ, ಒಂದು ಏಕಾಂಕ. ಎರಡನ್ನೂ ಧಾರವಾಡದಲ್ಲಿ ಕೂತು ಎರಡು ಬಗೆಯಲ್ಲಿ ಬ್ರೈಲ್‌ಗೆ ಇಳಿಸಿ, ಗದುಗಿನ ಸಂಗೀತ ಮಾಸ್ತರೊಬ್ಬರ ಬೆರಳಿಗೆ ಒಪ್ಪಿಸಿದೆ. ಒಂದರಲ್ಲಿ ಭಾರತಿ ಬ್ರೈಲ್ (ಭಾರತದ ಭಾಷೆಗಳಿಗೆ ಬಳಸುವ ಬ್ರೈಲ್) ಜೊತೆ ಬಳಕೆಯಲ್ಲಿರುವ ಹಳೆಯ ಚಿಹ್ನೆಗಳು. ಇನ್ನೊಂದರಲ್ಲಿ ಅಕ್ಷರ ಭಾರತಿಯವೇ, ಚಿಹ್ನೆ ಮಾತ್ರ ಯುನಿಫೈಡ್ ಇಂಗ್ಲಿಷ್ ಬ್ರೈಲ್‌ನವು, ಅಂದರೆ 2004ರಲ್ಲಿ ಅಂತರರಾಷ್ಟ್ರೀಯ ಮಾನದಂಡವೆಂದು ಒಪ್ಪಿದ ಯುಇಬಿ.

ಪೂರ್ಣವಿರಾಮ, ಅಲ್ಪವಿರಾಮದಲ್ಲಿ ತಕರಾರಿಲ್ಲ, ಎರಡರಲ್ಲೂ ಒಂದೇ. ತಕರಾರೆಲ್ಲ ಆವರಣದ್ದು.

ಹಳೆಯದರಲ್ಲಿ ತೆರೆಯುವುದಕ್ಕೂ ಮುಚ್ಚುವುದಕ್ಕೂ ಒಂದೇ ಕೋಶ, 2-3-5-6 (ಆರು ಚುಕ್ಕಿಯ ಕೋಶದಲ್ಲಿ ಉಬ್ಬಿರುವ ಚುಕ್ಕಿಗಳ ಸಂಖ್ಯೆಗಳಿವು; ನಡುವೆ ಅಲ್ಪವಿರಾಮ ಬಂದರೆ ಮುಂದಿನ ಕೋಶ). ಯಾವುದು ಯಾವುದೆಂದು ಅದು ಅಂಟಿಕೊಂಡ ಬದಿಯಿಂದ ತಿಳಿಯಬೇಕು. ಯುಇಬಿ ಅಚ್ಚಿನ ಹಾಗೆ ಬೇರೆ ಮಾಡುತ್ತದೆ: ತೆರೆಯಲು 5, 1-2-6, ಮುಚ್ಚಲು 5, 3-4-5. ಲೆಕ್ಕಕ್ಕೆ ಯುಇಬಿಯೇ ನಿಖರ. ಆದರೆ ಭಾರತಿಯಲ್ಲಿ 1-2-6 ಎಂದರೆ ‘ಘ’, 3-4-5 ಎಂದರೆ ‘ಆ’. ಮುಂದಿರುವ ಒಂಟಿ 5ನೇ ಚುಕ್ಕಿ ಬೆರಳಿಗೆ ತಪ್ಪಿತೋ, ಪ್ರಶ್ನೆಪತ್ರಿಕೆಯ (ಅ) ಎಂಬ ಆಯ್ಕೆ ‘ಘಅಆ’ ಆಗುತ್ತದೆ. (ಆ) ಇನ್ನೂ ಕಷ್ಟ: ಆಯ್ಕೆಯ ಅಕ್ಷರ, ಮುಚ್ಚುವ ಆವರಣ, ಎರಡರ ಆಕಾರವೂ ಅದೇ. “ಏನ್ರೀ ಸರ, ಇಲ್ಲಿ ಘ ಯಾಕ ಬಂತು?” ಎಂದರು ಮಾಸ್ತರು. ಪರೀಕ್ಷೆಯ ಹೊತ್ತಿನಲ್ಲಿ ಮಕ್ಕಳಿಗೆ ಇದು ಬೇಕೇ? ಆವರಣದೊಳಗೆ ಆವರಣ ಬಂದಾಗ ಮಾತ್ರ ಹಳೆಯದು ತಡವರಿಸುತ್ತದೆ. ಶಾಲೆಯ ಪಠ್ಯದಲ್ಲಿ ಅದು ಅಪರೂಪ.

ಉದ್ದಗೆರೆಯದೂ ಇದೇ ಕಥೆ. ಯುಇಬಿಯದು 6, 3-6. ಭಾರತಿಯಲ್ಲಿ 6 ವಿಸರ್ಗ. ಹಾಗಾಗಿ ಏಕಾಂಕದಲ್ಲಿ ಮಾತು ಅರ್ಧಕ್ಕೆ ತುಂಡಾಗುವ “ನಾನು—” ಎಂಬುದು ‘ನಾನುಃ-’ ಎಂದು ತಟ್ಟುತ್ತದೆ. ಹಳೆಯ 3-6, 3-6 ಸಲೀಸು. ಒಂಟಿ ಉದ್ಧರಣೆಯನ್ನು ಮುಚ್ಚುವ ಯುಇಬಿಯ 6, 3-5-6ಕ್ಕೂ ವಿಸರ್ಗದ ಕಾಟವೇ.

ಲೋಪಚಿಹ್ನೆಯಲ್ಲಿ (...) ನನ್ನ ಮತ ಯುಇಬಿಗೆ. ಹಳೆಯದು 3ನೇ ಚುಕ್ಕಿಯನ್ನು ಮೂರು ಸಲ ಇಡುತ್ತದೆ. ಯುಇಬಿ ಪೂರ್ಣವಿರಾಮವನ್ನೇ ಮೂರು ಸಲ, ಅಚ್ಚಿನಲ್ಲಿ ಕಾಣುವ ಹಾಗೆಯೇ.

ತೆರೆಯುವ ಉದ್ಧರಣೆಗೂ ಪ್ರಶ್ನಾರ್ಥಕಕ್ಕೂ 2-3-6 ಒಂದೇ ಆಗಿರುವ ಗೊಂದಲವನ್ನು ಯುಇಬಿಯೂ ಪೂರ್ತಿ ಬಿಡಿಸಿಲ್ಲ. ಒಂಟಿಯಾಗಿ ನಿಂತ ಪ್ರಶ್ನಾರ್ಥಕದ ಮುಂದೆ 5-6 ಸೇರಿಸು ಎನ್ನುತ್ತದೆ. ಕನ್ನಡದಲ್ಲಿ 5-6 ಅನುಸ್ವಾರ!

ಚಿಹ್ನೆಗಳನ್ನೇ ಕೈಬಿಡುವ ಮೂರನೆಯ ದಾರಿಯನ್ನು ಕೆಲವರು ಹಿಡಿಯುತ್ತಾರೆ. ನಾಟಕದಲ್ಲಿ ‘ನಗುತ್ತ’ ಎಂಬುದು ಪಾತ್ರದ ಮಾತೋ, ರಂಗಸೂಚನೆಯೋ ತಿಳಿಯದೇ ಹೋಗುತ್ತದೆ. ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಇಂಗ್ಲಿಷ್ ಪಠ್ಯಕ್ಕೆ ಯುಇಬಿಯೇ ಇರಲಿ. ಕನ್ನಡಕ್ಕೆ ನಾನು ಹಳೆಯ ಗುರುತುಗಳನ್ನೇ ಇಟ್ಟು, ಲೋಪಚಿಹ್ನೆಯೊಂದನ್ನು ಯುಇಬಿಯಿಂದ ತಂದು, ಹಾಗೆಂದು ಮೊದಲ ಪುಟದಲ್ಲೇ ಬರೆದಿಡುತ್ತಿದ್ದೇನೆ.