ಅಪ್ಪ ಅಮ್ಮನಿಗೆ ಇಂಗ್ಲೆಂಡ್ ತೋರಿಸಲು ‘ನಮ್ಮವರ’ ವ್ಯಾನ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಕೋಪ ಇನ್ನೂ ಇಳಿದಿಲ್ಲ. ಬರಹ ಹಿಂದೆ ಮುಂದೆ ಆದರೆ ಅಡ್ಜಸ್ಟ್ ಮಾಡಿಕೊಳ್ಳಿ. ಲಂಡನ್ ಪಶ್ಚಿಮಕ್ಕಿರುವ ರೆಡಿಂಗ್, ಸ್ಲೌ ಊರುಗಳ ಕಡೆ ಇರುವವರಂತೂ ದಯವಿಟ್ಟು ಪೂರ್ತಿ ಓದಿ.

“ವಿಂಡ್ಸರ್, ಸ್ಟೋನ್‌ಹೆಂಜ್, ಬಾತ್ ಒಂದೇ ದಿನದಲ್ಲಿ, ಮನೆ ಬಾಗಿಲಿಂದ ಮನೆ ಬಾಗಿಲಿಗೆ, ವೆಜ್ ಊಟ ಸೇರಿ” ಅಂತ ವಾಟ್ಸಾಪ್‌ನಲ್ಲಿ ಒಂದು ಜಾಹೀರಾತು ಓಡಾಡುತ್ತಿದೆ. ಊರಿಂದ ಹಿರಿಯರು ಬಂದವರಿಗೆ ಅಂತಲೇ ಮಾಡಿದ್ದು. ಫೋನ್ ಮಾಡಿದರೆ ಆ ಕಡೆಯಿಂದ ಅಚ್ಚ ಕನ್ನಡ. ಅಮ್ಮನಿಗೆ ಮಂಡಿ ನೋವು ಅಂದೆ. “ನಮ್ಮಮ್ಮನಿಗೂ ಅಷ್ಟೇ ಸಾರ್, ನೀವು ಯೋಚನೆನೇ ಮಾಡಬೇಡಿ” ಅಂದ. ಟಿಕೆಟ್ ಎಲ್ಲಾ ಸೇರಿ ತಾನೇ ಅಂತ ಬಾಯಿಬಿಟ್ಟು ಕೇಳಿದೆ. “ಎಲ್ಲಾ ಸೇರಿ.” ನಾಲ್ಕು ಜನಕ್ಕೆ 420 ಪೌಂಡ್. ಕಾರ್ಡ್ ಆದರೆ 5 ಪರ್ಸೆಂಟ್ ಜಾಸ್ತಿ, ಬ್ಯಾಂಕಿಗೆ ಹಾಕಿದರೆ ಇಲ್ಲ. ಬುಧವಾರ ಹೋಗಿ, ಜನ ಕಡಿಮೆ ಇರುತ್ತಾರೆ ಅಂತ ದಿನ ಗೊತ್ತು ಮಾಡಿದ್ದೂ ಅವನೇ. ಇದನ್ನು ನೆನಪಿಟ್ಟುಕೊಳ್ಳಿ.

ವಿಂಡ್ಸರ್‌ನಲ್ಲಿ ನೋಡುವುದೇ ರಾಜಮನೆತನದ ಕೋಟೆ, ವಿಂಡ್ಸರ್ ಕ್ಯಾಸಲ್. ಅದು ಮಂಗಳವಾರ ಮತ್ತು ಬುಧವಾರ ಪ್ರವಾಸಿಗರಿಗೆ ಬಂದ್. ಯಾವತ್ತೋ ಒಂದು ದಿನ ಅಲ್ಲ, ವಾರ ವಾರವೂ. ಟೂರ್ ಮಾಡಿಸುವವನಿಗೆ ಇದು ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಬಾಗಿಲು ಮುಚ್ಚಿದ ದಿನ ಕರೆದುಕೊಂಡು ಹೋದರೆ ತಲೆಗೆ 30 ಪೌಂಡ್ ದಾಟುವ ಟಿಕೆಟ್ ಕೊಳ್ಳುವ ಹಾಗೇ ಇಲ್ಲವಲ್ಲ!

ಅಪ್ಪನಿಗೆ ಅಲ್ಲಿ ನೋಡಬೇಕಿದ್ದದ್ದು ಒಂದೇ. ಒಳಗಿರುವ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ 2ನೇ ಎಲಿಜಬೆತ್ ರಾಣಿಯ ಸಮಾಧಿ. 2022ರಲ್ಲಿ ಆ ಅಂತ್ಯಕ್ರಿಯೆಯನ್ನು ಊರಲ್ಲಿ ಟಿವಿ ಮುಂದೆ ಕೂತು ಪೂರ್ತಿ ನೋಡಿದ್ದರು. ಹೊಸ ಕೋಟು ಹಾಕಿಕೊಂಡು ಗೇಟಿನ ತನಕ ನಡೆದು ಬಂದು, ಮುಚ್ಚಿದ ಬಾಗಿಲು ನೋಡಿ, “ಇವತ್ತು ರಜಾನಾ?” ಅಂತ ನನ್ನನ್ನು ಕೇಳಿದರು. ಆಗ ನನಗಾದ ಅವಮಾನ ಹೇಳತೀರದು. ಮಗ ಇಷ್ಟು ವರ್ಷದಿಂದ ಇಲ್ಲೇ ಇದ್ದಾನೆ, ಇದೂ ಗೊತ್ತಿಲ್ವಾ ಅಂದುಕೊಂಡಿರುತ್ತಾರೆ. ಬಾಯಲ್ಲಿ ಮಾತ್ರ ಏನೂ ಅನ್ನಲಿಲ್ಲ.

ಡ್ರೈವರನ್ನು ಕೇಳಿದರೆ ನಾನು ಬರೀ ಗಾಡಿ ಓಡಿಸೋನು ಅಂದ. ಓನರ್‌ಗೆ ಫೋನ್ ಮಾಡಿದೆ.

“ವಿಂಡ್ಸರ್ ತೋರಿಸ್ತೀನಿ ಅಂದಿದ್ದೆ, ತೋರಿಸಿದ್ವಲ್ಲ? ವಿಕ್ಟೋರಿಯಾ ಪ್ರತಿಮೆ ಹತ್ತಿರ ನಿಂತ್ಕೊಳ್ಳಿ, ಫೋಟೋ ಸೂಪರಾಗಿ ಬರುತ್ತೆ.”

ಟಿಕೆಟ್ ಸೇರಿದೆ ಅಂದಿದ್ರಲ್ಲ? “ಮೆಸೇಜ್‌ನಲ್ಲಿ ಎಲ್ಲಿದೆ, ತೋರಿಸಿ ಸಾರ್.” ಅದನ್ನು ಹೇಳಿದ್ದು ಫೋನಿನಲ್ಲಿ. ಬರೆದದ್ದು ಬರೀ ಮೂರು ಊರಿನ ಹೆಸರು.

ಪುರಾತನ ಕಲ್ಲುಗಳ ವೃತ್ತ ಸ್ಟೋನ್‌ಹೆಂಜ್, ಅದರ ಕಥೆ ಇನ್ನೂ ಚೆಂದ. ವ್ಯಾನ್ ನಿಲ್ಲಿಸಲೇ ಇಲ್ಲ! ಎ303 ರಸ್ತೆಯಲ್ಲಿ ಹೋಗಿರುವವರಿಗೆ ಗೊತ್ತು, ಅಲ್ಲಿ ಯಾವಾಗಲೂ ಟ್ರಾಫಿಕ್, ರಸ್ತೆಯಿಂದಲೇ ಕಲ್ಲುಗಳು ಕಾಣುತ್ತವೆ. “ರೈಟ್ ಸೈಡ್ ನೋಡಿ” ಅಂದ ಡ್ರೈವರ್, ಅಷ್ಟೇ ದರ್ಶನ. ಅಮ್ಮ ಎಡಗಡೆ ಕೂತಿದ್ದರು. ನನ್ನ ಹೆಂಡತಿಯ ಮೈಮೇಲಿಂದ ಬಾಗಿ ತೆಗೆದ ಫೋಟೋದಲ್ಲಿ ಅರ್ಧ ಒಂದು ಲಾರಿ, ಇನ್ನರ್ಧ ಕಿಟಕಿ ಗಾಜಿನಲ್ಲಿ ಅವರದೇ ಸ್ವೆಟರ್, ಮೂಲೆಯಲ್ಲಿ ಬೂದು ಚುಕ್ಕೆ. ಆ ಚುಕ್ಕೆಯೇ ಸ್ಟೋನ್‌ಹೆಂಜ್. ವಿಸಿಟರ್ ಸೆಂಟರ್, ಅಲ್ಲಿಂದ ಕಲ್ಲುಗಳ ಹತ್ತಿರಕ್ಕೆ ಬಿಡುವ ಬಸ್ಸು, ಯಾವುದೂ ಇಲ್ಲ.

ಇನ್ನು ವೆಜ್ ಊಟ. ಸೂಪರ್‌ಮಾರ್ಕೆಟ್ಟಿನ ತ್ರಿಕೋನ ಸ್ಯಾಂಡ್‌ವಿಚ್, ಒಳಗೆ ಮೊಟ್ಟೆ. ಇಲ್ಲಿ ಮೊಟ್ಟೆಯೂ ವೆಜಿಟೇರಿಯನ್ ಲೆಕ್ಕ, ಡಬ್ಬದ ಮೇಲೂ ಹಾಗೇ ಬರೆದಿರುತ್ತಾರೆ. ಕೋರಮಂಗಲದ ಪಿಜಿಯಲ್ಲಿದ್ದ ಕಥೆ ಫೋನಿನಲ್ಲಿ ಅಷ್ಟುದ್ದ ಹೇಳಿದವನಿಗೆ, ನಮ್ಮ ಕಡೆ ಹಿರಿಯರು ವೆಜ್ ಅಂದರೆ ಏನು ಅಂತ ಹೇಳಿಕೊಡಬೇಕಾ? ಅಮ್ಮ ಬಾಳೆಹಣ್ಣು ತಿಂದು ಬಾತ್ ತನಕ ಬಂದರು. ಬಾತ್ ಊರು ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಅಲ್ಲಿನ ಪುರಾತನ ಸ್ನಾನಗೃಹ ರೋಮನ್ ಬಾತ್ಸ್ ಟಿಕೆಟ್ಟಿಗೂ ನಮ್ಮದೇ ದುಡ್ಡು.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: “ನಿಮ್ಮ ಅತ್ತೆ ಮಾವ ಬಂದಾಗ 40 ಪೌಂಡ್ ಕಡಿಮೆ ಮಾಡಿಕೊಡ್ತೀನಿ.” ಅದರ ಹಿಂದೆಯೇ ಇನ್ನೊಂದು ಮೆಸೇಜ್. ಲಂಡನ್‌ನಲ್ಲಿ ಬಸವಣ್ಣನ ಪ್ರತಿಮೆ ತೋರಿಸಲು ಬೇರೆ ಟೂರ್ ಇದೆಯಂತೆ, 150 ಪೌಂಡ್! ಲ್ಯಾಂಬೆತ್ ಸೇತುವೆ ಹತ್ತಿರ, ಥೇಮ್ಸ್ ದಂಡೆಯಲ್ಲಿ, ಯಾರು ಬೇಕಾದರೂ ಹೋಗಿ ಕೈಮುಗಿದು ಬರುವ ಜಾಗ ಅದು. ಅದಕ್ಕೂ ರೇಟು!

ನಾನು ಹೇಳುವುದು ಇಷ್ಟೇ. ಯಾವ ಟಿಕೆಟ್ ಸೇರಿದೆ ಅಂತ ಒಂದೊಂದೂ ಬರೆಸಿಕೊಳ್ಳಿ. ಕ್ಯಾಸಲ್ ತೆರೆದಿದೆಯಾ ಅಂತ ಕ್ಯಾಸಲ್‌ನದೇ ವೆಬ್‌ಸೈಟ್‌ನಲ್ಲಿ ನೋಡಿ. ಕಾರ್ಡಿಗೆ ಜಾಸ್ತಿ ಅಂದರೆ ಅಲ್ಲೇ ಫೋನ್ ಇಡಿ, ಗ್ರಾಹಕರ ಕಾರ್ಡಿಗೆ ಹಾಗೆ ಮೇಲೆ ದುಡ್ಡು ಹಾಕುವುದನ್ನು ಈ ದೇಶದಲ್ಲಿ 2018ರ ಜನವರಿಯಿಂದಲೇ ನಿಷೇಧಿಸಿದ್ದಾರೆ. 100 ಪೌಂಡ್ ದಾಟಿದ್ದಕ್ಕೆ ಕ್ರೆಡಿಟ್ ಕಾರ್ಡ್ ಕೊಟ್ಟಿದ್ದರೆ ಇಲ್ಲಿನ ಗ್ರಾಹಕ ಸಾಲ ಕಾಯ್ದೆಯ ಸೆಕ್ಷನ್ 75 ಅಡಿ ದುಡ್ಡು ವಾಪಸ್ ಕೊಡಿ ಅಂತ ಕಾರ್ಡ್ ಕಂಪನಿಯನ್ನೇ ಕೇಳಬಹುದಿತ್ತು. ಅದಕ್ಕೇ ಅವನಿಗೆ ಕಾರ್ಡ್ ಬೇಡ. ನಿಜ ಹೇಳಬೇಕೆಂದರೆ ವ್ಯಾನೇ ಬೇಡ. ರೆಡಿಂಗ್‌ನಿಂದ ಬಾತ್‌ಗೆ ನೇರ ಟ್ರೇನ್ ಇದೆ, ವಿಂಡ್ಸರ್‌ಗೆ ಸ್ಲೌನಲ್ಲಿ ಬದಲಾಯಿಸಿದರೆ ಆಯ್ತು.

ಜನರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ, ಅವರು ವ್ಯಾಪಾರದ ಮೋಸ ವಿಚಾರಿಸುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಇಲಾಖೆಗೆ ಕಳಿಸುತ್ತಾರೆ. ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ನನ್ನ ಹೆಂಡತಿಯ ಫೋನಿಗೆ ಮಾತ್ರ ಜಾಹೀರಾತು ಇನ್ನೂ ಬರುತ್ತಲೇ ಇದೆ.