ಏಜೆಂಟ್, ಆ್ಯಪ್, ಪೋರ್ಟಲ್: ಮೂರು ವರ್ಷ ಮೂರು ದಾರಿಯಲ್ಲಿ ರಿಟರ್ನ್ ಹಾಕಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಸಂಬಳದ ಆದಾಯ ಮಾತ್ರ, ಕೈಯಲ್ಲಿ ಫಾರ್ಮ್ 16 (ಸಂಬಳ ಎಷ್ಟು, ಅದರಲ್ಲಿ ತೆರಿಗೆ ಎಷ್ಟು ಮುರಿದರು ಅಂತ ಕಂಪನಿ ಕೊಡುವ ಪ್ರಮಾಣಪತ್ರ) ಇದೆ ಅಂದರೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೀವೇ ರಿಟರ್ನ್ ಹಾಕಿ. ನಾನು 2023ರಲ್ಲಿ ಏಜೆಂಟ್ ಹತ್ತಿರ ಹಾಕಿಸಿದೆ, 2024ರಲ್ಲಿ ದುಡ್ಡು ಕೊಟ್ಟು ಒಂದು ಆ್ಯಪ್ ಬಳಸಿದೆ, 2025ರಲ್ಲಿ ನಾನೇ ಕೂತು ಹಾಕಿದೆ. ಇನ್ನು ಮೊದಲ ಎರಡರ ಕಡೆ ಹೋಗುವುದಿಲ್ಲ.

ನಾನಿರುವುದು ಕಲಬುರಗಿಯಲ್ಲಿ, ಬಾಡಿಗೆ ಮನೆ. ಕೆಲಸ ವಾಡಿ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ. ದಿನಾ ರೈಲಿನಲ್ಲಿ ಓಡಾಟ, ಹಾಗಾಗಿ ಕಚೇರಿ, ಅಂಗಡಿ ಅಂತ ಸುತ್ತಲು ಸಿಗುವುದು ಭಾನುವಾರ ಒಂದೇ. ಏಜೆಂಟ್ ಹತ್ತಿರ ಹೋಗಲು ಅದೇ ಕಾರಣ.

500 ರೂಪಾಯಿ, ಹತ್ತು ನಿಮಿಷದ ಕೆಲಸ. ನನ್ನ ಫೋನಿಗೆ ಬಂದ ಆಧಾರ್ ಒಟಿಪಿ ಹೇಳಿದೆ, ಅವರು ರಸೀದಿ ಪ್ರಿಂಟ್ ತೆಗೆದುಕೊಟ್ಟರು. 6,240 ರೂಪಾಯಿ ರಿಫಂಡ್ ಅಂತ ಅದರಲ್ಲಿತ್ತು. "ಎರಡು ವಾರದಾಗ ಅಕೌಂಟಿಗೆ ಬರ್ತದ್ರಿ ಸರ್" ಅಂದರು. ದಸರಾ ಆಯಿತು, ದೀಪಾವಳಿ ಆಯಿತು, ಬರಲಿಲ್ಲ. ಕೇಳಿದಾಗಲೆಲ್ಲ "ಬರ್ತದ್ರಿ, ಲೇಟ್ ಆಗ್ಯದ" ಅನ್ನುವ ಒಂದೇ ಉತ್ತರ.

ಏನಾಗಿತ್ತು ಅಂತ ಗೊತ್ತಾಗಿದ್ದು ಮುಂದಿನ ವರ್ಷ, ಆ್ಯಪ್ ಹಾಕಿಕೊಂಡಾಗ. ಆ್ಯಪ್ ನನ್ನ ಮಾಹಿತಿಯನ್ನು ಪೋರ್ಟಲ್‌ನಿಂದ ಎಳೆದುಕೊಳ್ಳಬೇಕು, ಅದಕ್ಕೆ ಒಟಿಪಿ ಬೇಕು. ಒಟಿಪಿ ಹೋಗಿದ್ದು ನನ್ನದಲ್ಲದ ಒಂದು ನಂಬರಿಗೆ. ಏಜೆಂಟ್ ನನ್ನ ಪ್ರೊಫೈಲಿನಲ್ಲಿ ತಮ್ಮ ಮೊಬೈಲ್ ನಂಬರ್, ತಮ್ಮ ಇಮೇಲ್ ಹಾಕಿಕೊಂಡಿದ್ದರು. ಇಲಾಖೆ ಕಳಿಸಿದ ಪ್ರತಿ ಮೆಸೇಜೂ ಒಂದು ವರ್ಷ ಅವರಿಗೇ ಹೋಗಿದೆ. ಫೋನ್ ಮಾಡಿದರೆ ಸ್ವಿಚ್ ಆಫ್. ಅಂಗಡಿಯಲ್ಲಿ ಆಗಲೇ ಬೇರೆ ಯಾರೋ ಮೊಬೈಲ್ ಕವರ್ ಮಾರುತ್ತಿದ್ದರು.

ಇಂಥ ಸ್ಥಿತಿಯಲ್ಲಿರುವವರು ಗಾಬರಿಯಾಗಬೇಡಿ, ದಾರಿ ಇದೆ. ಪ್ಯಾನ್ ಜೊತೆ ಆಧಾರ್ ಲಿಂಕ್ ಆಗಿದ್ದರೆ 'ಪಾಸ್‌ವರ್ಡ್ ಮರೆತಿದ್ದೇನೆ' ಅನ್ನುವಲ್ಲಿ ಆಧಾರ್ ಒಟಿಪಿ ಆರಿಸಿಕೊಳ್ಳಿ. ಅದು ಆಧಾರ್‌ನಲ್ಲಿರುವ ನಿಮ್ಮ ನಂಬರಿಗೇ ಬರುತ್ತದೆ. ಒಳಗೆ ಹೋದ ಕೂಡಲೇ ಮೊಬೈಲ್, ಇಮೇಲ್ ಎರಡೂ ನಿಮ್ಮದು ಮಾಡಿಕೊಳ್ಳಿ. ನಾನು ಹಾಗೆ ಒಳಗೆ ಹೋಗಿ ನೋಡಿದರೆ 6,240ರ ಎದುರು 'ರಿಫಂಡ್ ಫೇಲ್ಡ್' ಅಂತ ಇತ್ತು. ಇಲಾಖೆ ದುಡ್ಡು ಕೊಡಲು ಒಪ್ಪಿತ್ತು. ನನ್ನ ಬ್ಯಾಂಕ್ ಖಾತೆ ಮಾತ್ರ ವ್ಯಾಲಿಡೇಟ್ ಆಗಿರಲಿಲ್ಲ, ಅಂದರೆ ಅದು ನನ್ನದೇ ಅಂತ ಪೋರ್ಟಲ್‌ನಲ್ಲಿ ಖಚಿತವಾಗಿರಲಿಲ್ಲ.

ಸರಿ, ವ್ಯಾಲಿಡೇಟ್ ಮಾಡೋಣ ಅಂದರೆ ಅದೂ ಆಗಲಿಲ್ಲ. ಹೆಸರು ಹೊಂದಿಕೆಯಾಗುತ್ತಿಲ್ಲ ಅಂತ ಬಂತು. ಪ್ಯಾನ್ ಕಾರ್ಡಿನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಮೂರೂ ಪೂರ್ತಿ ಇವೆ. ಪಾಸ್‌ಬುಕ್ಕಿನಲ್ಲಿ ನನ್ನ ಹೆಸರು, ಮುಂದೆ ಒಂದೇ ಇನಿಷಿಯಲ್. ಖಾತೆ ತೆಗೆದಾಗ ಬ್ಯಾಂಕಿನವರು ಹಾಗೇ ಬರೆದುಕೊಂಡಿದ್ದರು, ನಮ್ಮ ಕಡೆ ಎಷ್ಟೋ ಜನರ ಪಾಸ್‌ಬುಕ್ ಹೀಗೇ ಇದೆ. ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಅಕ್ಕ "ಪ್ಯಾನ್, ಆಧಾರ್ ಎರಡರದ್ದೂ ಝೆರಾಕ್ಸ್ ತಂದೀರೇನ್ರಿ?" ಅಂದರು. ಒಂದೇ ತಂದಿದ್ದೆ, ಮತ್ತೆ ಹೊರಗೆ ಓಡಿದೆ. ಕೆವೈಸಿ ಫಾರ್ಮ್ ತುಂಬಿ ಕೊಟ್ಟ ನಾಲ್ಕನೇ ದಿನ ಹೆಸರು ಸರಿಯಾಯಿತು. ಆಮೇಲೆ ಖಾತೆ ವ್ಯಾಲಿಡೇಟ್ ಆಯಿತು. ಅದರ ಪಕ್ಕ, ರಿಫಂಡ್ ಇದೇ ಖಾತೆಗೆ ಬರಲಿ ಅಂತ ಆರಿಸುವ ಒಂದು ಗುಂಡಿ ಇದೆ, ಅದನ್ನೂ ಆನ್ ಮಾಡಬೇಕು. ಕೊನೆಗೆ 'ರಿಫಂಡ್ ರೀಇಶ್ಯೂ' ಅರ್ಜಿ ಹಾಕಿ ಆಧಾರ್ ಒಟಿಪಿಯಿಂದ ದೃಢೀಕರಿಸಿದೆ. ಎರಡು ವಾರದೊಳಗೆ ದುಡ್ಡು ಬಂತು.

ಇನ್ನೊಂದು ಮಾತು. "ರಿಫಂಡ್ ಜಾಸ್ತಿ ತೆಗೆಸಿಕೊಡ್ತೀವಿ, ಅದರಾಗ ನಮಗಿಷ್ಟು ಕೊಡ್ರಿ" ಅನ್ನುವವರ ಹತ್ತಿರ ಹೋಗಲೇಬೇಡಿ. ಕಟ್ಟದ ವಿಮೆ, ಕೊಡದ ದೇಣಿಗೆ ತೋರಿಸಿ ರಿಟರ್ನ್ ಹಾಕಿಸಿದ ಜಾಲಗಳ ಮೇಲೆ ಇಲಾಖೆ 2025ರ ಜುಲೈನಲ್ಲಿ ದೇಶದ ಹಲವು ಕಡೆ ತಪಾಸಣೆ ಮಾಡಿತು. ರಿಟರ್ನ್ ಇರುವುದು ನಮ್ಮ ಹೆಸರಿನಲ್ಲಿ, ಉತ್ತರ ಕೊಡಬೇಕಾದವರೂ ನಾವೇ ಅಲ್ವಾ?

ಆ್ಯಪ್ ಚೆನ್ನಾಗಿಯೇ ಇತ್ತು. ಹಳೆ ಪದ್ಧತಿ (ಉಳಿತಾಯ, ಬಾಡಿಗೆ ಅಂತ ಕಳೆಯಬಹುದಾದದ್ದು), ಹೊಸ ಪದ್ಧತಿ (ಅವೆಲ್ಲ ಹೆಚ್ಚುಕಡಿಮೆ ಇಲ್ಲ, ದರ ಕಡಿಮೆ) ಎರಡರ ತೆರಿಗೆಯನ್ನೂ ಅಕ್ಕಪಕ್ಕ ತೋರಿಸಿತು. ಆದರೆ ಆ ಲೆಕ್ಕ ಪೋರ್ಟಲ್‌ನಲ್ಲೂ ಪುಕ್ಕಟೆ ಸಿಗುತ್ತದೆ. ಅದಕ್ಕೆ 799 ರೂಪಾಯಿ ಯಾಕೆ ಕೊಡಬೇಕು?

2025ರಲ್ಲಿ ಆಗಸ್ಟ್ ತಿಂಗಳ ಒಂದು ಭಾನುವಾರ ನಾನೇ ಐಟಿಆರ್-1 (ಸಂಬಳದವರ ಸರಳ ರಿಟರ್ನ್ ಫಾರ್ಮ್) ಹಾಕಿದೆ. ಒಂದೂವರೆ ತಾಸು ಹಿಡಿಯಿತು. ಸಂಬಳ, ಟಿಡಿಎಸ್ (ಮೊದಲೇ ಮುರಿದುಕೊಂಡ ತೆರಿಗೆ) ಎಲ್ಲ ಮೊದಲೇ ತುಂಬಿರುತ್ತದೆ. ಅದನ್ನು ಫಾರ್ಮ್ 16 ಜೊತೆ, 26ಎಎಸ್ ಮತ್ತು ಎಐಎಸ್ (ನಮ್ಮ ತೆರಿಗೆ, ಆದಾಯದ ಬಗ್ಗೆ ಇಲಾಖೆ ಹತ್ತಿರ ಇರುವ ಪಟ್ಟಿಗಳು) ಜೊತೆ ತಾಳೆ ನೋಡಿದರೆ ಮುಗಿಯಿತು. ನನ್ನ ಲೆಕ್ಕ ಇಲ್ಲಿ ಕೊಡುತ್ತೇನೆ, ನಿಮ್ಮದಕ್ಕೆ ಹೋಲಿಸಿಕೊಳ್ಳಬಹುದು.

2024-25ರ ನನ್ನ ಸಂಬಳ 8,40,000. ಏಪ್ರಿಲ್‌ನಲ್ಲಿ ನಾನು ಯಾವ ಪದ್ಧತಿ ಅಂತ ಬರೆದುಕೊಟ್ಟಿರಲಿಲ್ಲ, ಹಾಗಾಗಿ ಅಕೌಂಟ್ಸ್ ವಿಭಾಗದವರು ಹೊಸ ಪದ್ಧತಿಯಲ್ಲೇ ತೆರಿಗೆ ಮುರಿದುಕೊಂಡರು. ಅದರಲ್ಲಿ 75,000 ಸ್ಟಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗುವ ಕಡಿತ) ಕಳೆದು, ಸೆಸ್ ಸೇರಿ ತೆರಿಗೆ 27,560. ಹಳೆ ಪದ್ಧತಿಯಲ್ಲಿ ಸ್ಟಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400. ಪಿಎಫ್, ಎಲ್‌ಐಸಿ, ಮಗನ ಶಾಲೆ ಫೀಸು ಸೇರಿ 80ಸಿಯ (ಇಂಥವಕ್ಕೆ ಕಡಿತ ಕೊಡುವ ಕಲಂ) ಪೂರ್ತಿ 1,50,000. ಎನ್‌ಪಿಎಸ್ ಪಿಂಚಣಿ ಯೋಜನೆಗೆ ಬೇರೆಯಾಗಿ ಕಟ್ಟಿದ 50,000. ಮನೆ ಬಾಡಿಗೆಯ ವಿನಾಯಿತಿ 60,000. ಬಾಡಿಗೆ ತಿಂಗಳಿಗೆ 11,000, ಆದರೆ ಪೂರ್ತಿ ಬಾಡಿಗೆ ಕಳೆಯಲು ಬರುವುದಿಲ್ಲ, ಮೂಲವೇತನ ಮತ್ತು ಡಿಎಯ (ತುಟ್ಟಿಭತ್ಯೆ) ಶೇ 10ಕ್ಕಿಂತ ಹೆಚ್ಚಾದ ಭಾಗ ಮಾತ್ರ ಲೆಕ್ಕಕ್ಕೆ ಬಂತು. ಇಷ್ಟೆಲ್ಲ ಕಳೆದರೆ ತೆರಿಗೆ 18,740. ಬಾಡಿಗೆ ಇಲ್ಲದಿದ್ದರೆ ಹಳೆ ಪದ್ಧತಿಯಲ್ಲಿ 31,220 ಆಗುತ್ತಿತ್ತು, ಹೊಸದೇ ಲಾಭ. ಅದಕ್ಕೇ 'ಹಳೆಯದೇ ಒಳ್ಳೇದು' ಅಂತ ಯಾರೋ ಹೇಳಿದ್ದನ್ನು ಸುಮ್ನೆ ನಂಬಬೇಡಿ.

8,820 ರೂಪಾಯಿ ರಿಫಂಡ್ ಬಂತು. ಇದು ನಮ್ಮಿಂದ ಜಾಸ್ತಿ ಮುರಿದುಕೊಂಡ ನಮ್ಮದೇ ದುಡ್ಡು. ಆದರೆ ಹಳೆ ಪದ್ಧತಿ ಬೇಕಾದರೆ ಗಡುವಿನೊಳಗೇ ರಿಟರ್ನ್ ಹಾಕಬೇಕು, ತಡವಾದರೆ ಹೊಸದರಲ್ಲೇ ಹಾಕಬೇಕಾಗುತ್ತದೆ. ಆ ವರ್ಷ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ, ಮತ್ತೆ ಒಂದು ದಿನ ಮುಂದಕ್ಕೆ ಹಾಕಿದ್ದರು. ಪ್ರತಿ ವರ್ಷ ಹಾಗೆ ಆಗುತ್ತದೆ ಅಂತ ಕಾಯಬೇಡಿ. ಹಾಕಿದ 30 ದಿನದೊಳಗೆ ಇ-ವೆರಿಫೈ (ಆಧಾರ್ ಒಟಿಪಿಯಂಥದ್ದರಿಂದ ರಿಟರ್ನ್ ದೃಢೀಕರಣ) ಮಾಡುವುದನ್ನೂ ಮರೆಯಬೇಡಿ.

ನಮ್ಮ ಭಾವನವರಿಗೆ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ. ಅವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಖರೀದಿ, ಸ್ಟಾಕು, ಜಿಎಸ್‌ಟಿ ಇರುವವರು ಒಳ್ಳೆಯ ಸಿಎ ಹತ್ತಿರ ಹೋಗಬೇಕು, ಆ ಫೀಸು ದಂಡ ಅಲ್ಲ.

2025ರ ಏಪ್ರಿಲ್‌ನಿಂದಾಚೆಗಿನ ಆದಾಯಕ್ಕೆ ನನ್ನ ಲೆಕ್ಕವೂ ಬದಲಾಗಿದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ, ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಸೊನ್ನೆ. ಹಾಗಾಗಿ ಈ ಸಲ ಬಾಡಿಗೆ ರಸೀದಿ ಜೋಡಿಸುವ ಕೆಲಸ ಇಲ್ಲ. ತೆರಿಗೆ ಇಲ್ಲದಿದ್ದರೂ ಆದಾಯ 4 ಲಕ್ಷ ದಾಟಿದ್ದರಿಂದ ರಿಟರ್ನ್ ಹಾಕಲೇಬೇಕು. ಫಾರ್ಮ್ 16 ಕೈಗೆ ಬಂದ ಮೊದಲ ಭಾನುವಾರವೇ ಕೂರುತ್ತೇನೆ.